ದೇವರಿಗೆ ಬಿಟ್ಟ ಹುಂಜದ ವಿಶ್‌ಬೋನ್

ಒಂದು ಜನಾಂಗದ ಆಸೆ ಆಕಾಂಕ್ಷೆಗಳನ್ನು ಅರಿಯಬೇಕಾದವರು ಆ ಜನರ ಭಾಷೆಯ ಎಲುಬನ್ನೇ ಮುಟ್ಟಿ ನೋಡಬೇಕು. ಈ ಮಾತನ್ನು ನನ್ನ ನಿವೃತ್ತಿಯ ಸಮಾರಂಭದಲ್ಲಿ ಶಾಲು ಹೊದ್ದುಕೊಂಡು ಹೇಳಿದ್ದೆ, ಚಪ್ಪಾಳೆಯೂ ಬಿದ್ದಿತ್ತು. ಎಲುಬು ಎಂದದ್ದು ಬರೀ ಅಲಂಕಾರಕ್ಕೆ. ನಮ್ಮ ಮನೆತನದಲ್ಲಿ ಯಾರೂ ಯಾವ ಎಲುಬನ್ನೂ ಮುಟ್ಟಿದವರಲ್ಲ. ನನಗೆ ಆ ಪ್ರಸಂಗ ಬಂದದ್ದು ನಿವೃತ್ತಿಯ ನಂತರ, ಅದೂ ಕೋಳಿಯ ಎಲುಬು.

ತಿಕೋಟಾದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ, ನನ್ನ ಗೆಳೆಯರು ಚಿತ್ರಕಲೆ. ಅವರಿಗೆ ನಾನು ಇಂಗ್ಲಿಷ್ ಮಾಸ್ತರ, ನನಗೆ ಅವರು ಡ್ರಾಯಿಂಗ್ ಮಾಸ್ತರ. ಹೆಸರು ಹಿಡಿದು ಕರೆಯುವಷ್ಟು ಸಲಿಗೆಯನ್ನು ಇಬ್ಬರೂ ತೆಗೆದುಕೊಳ್ಳಲಿಲ್ಲ. ನಮ್ಮ ಸುತ್ತಿನ ಎಷ್ಟೋ ಶಾಲೆಗಳ ವಿಜ್ಞಾನದ ಕೋಣೆಗಳಲ್ಲಿ ಅವರ ಕೈಯ ಚಾರ್ಟುಗಳು ತೂಗುತ್ತಿದ್ದವು: ಕಪ್ಪೆಯ ಹೃದಯ, ದಾಸವಾಳದ ಹೂವಿನ ಸೀಳುನೋಟ, ಮನುಷ್ಯನ ಕಿವಿ. ಕಪ್ಪೆಗೂ ಅಷ್ಟು ಚಂದದ ಹೃದಯ ಇರಲಿಕ್ಕಿಲ್ಲ.

ನಿವೃತ್ತಿಯಾದ ಮೇಲೆ ಅವರು ನಿಡೋಣಿಯ ಮನೆಯಲ್ಲಿದ್ದು, ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಒಂದು ದಿನ ಗೆರೆ ನೆಟ್ಟಗಿದೆಯೋ ಇಲ್ಲವೋ ನೋಡಲು ಎಡಗಣ್ಣು ಮುಚ್ಚಿದರಂತೆ. ಬೋರ್ಡೇ ಕಾಣಲಿಲ್ಲ. ಬಲಗಣ್ಣು ಯಾವಾಗ ಹೋಗಿತ್ತೋ, ಹೋಗುವಾಗ ಒಂದು ಮಾತು ಹೇಳಿರಲಿಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ ಗ್ಲಾಕೋಮಾ ಎಂದರು. ಎಡಗಣ್ಣಿಗೂ ಅದೇ ಹತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹಿಡಿದಿಡಲು ನೋಡೋಣ ಎಂದು ಒಂದು ಆಪರೇಶನ್ ಮಾಡಿ, ಹಾಕಿಕೊಳ್ಳಲು ಔಷಧಿಯ ಹನಿ ಕೊಟ್ಟರು. ಆ ಕಣ್ಣಿಗೆ ಲೋಕವೆಲ್ಲ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಕಾಣುತ್ತಿತ್ತು. ಆ ಕೊಳವೆ ಉಳಿಯುತ್ತದೋ ಇಲ್ಲವೋ ಎಂಬುದೊಂದೇ ಅವರ ಮನೆಯ ಮಾತಾಯಿತು.

ತಪಾಸಣೆಗೆ ಬಂದಾಗಲೆಲ್ಲ ಅವರು ಅಲ್ಲೇ ಜಲನಗರದ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಹಾಗೆ ಒಂದು ಸಲ ಬಂದವರು ಜೇಬಿನಿಂದ ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ಬಬಲೇಶ್ವರದ ಒಂದು ಶಾಲೆಯವರು ಹಕ್ಕಿಯ ಅಸ್ಥಿಪಂಜರದ ಚಾರ್ಟು ಬೇಕೆಂದಿದ್ದರು. ಲ್ಯಾಟಿನ್ ಹೆಸರುಗಳು ಮಕ್ಕಳ ಬಾಯಲ್ಲಿ ತಿರುಗುವುದಿಲ್ಲ, ಸಾದಾ ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಅಲ್ಲಿನ ಹೆಡ್‌ಮಾಸ್ತರರು ಹೆಸರುಗಳನ್ನು ಬರೆದುಕೊಟ್ಟಿದ್ದರು. ಅದರಲ್ಲಿ ಒಂದು ವಿಶ್‌ಬೋನ್.

“ಇದ್ಯಾವ ಎಲುಬ್ರಿ ಮಾಸ್ತರ? ಪುಸ್ತಕದಾಗಿನ ಚಿತ್ರದೊಳಗ ಒಂದು ಗೆರಿ ಅಷ್ಟ ಕಾಣತೈತಿ,” ಎಂದರು.

ನಾನು ಕಪಾಟಿನಿಂದ ದೊಡ್ಡ ನಿಘಂಟನ್ನು ಇಳಿಸಿ, ಕನ್ನಡಕ ಒರೆಸಿ, ತರಗತಿಗೆ ಹೋಗುವ ಗಾಂಭೀರ್ಯದಿಂದ ಕುಳಿತೆ. ಒಂದು ಶಬ್ದದ ಅರ್ಥ ಕೇಳಿದವರಿಗೆ ಅದರ ಪ್ರಯೋಗವನ್ನೂ ಹೇಳದೆ ಕಳಿಸುವುದು ನನ್ನ ವೃತ್ತಿಧರ್ಮಕ್ಕೆ ಒಪ್ಪದು. ವಿಶ್‌ಬೋನ್ ಎಂದರೆ ಹಕ್ಕಿಯ ಕತ್ತಿನ ಬುಡದಲ್ಲಿ, ಎದೆಯ ಮುಂದೆ, ಎರಡು ಎಲುಬು ಕೂಡಿ ಕವಲಾದದ್ದು, ನಾಮಪದ, ಒಂದೇ ಶಬ್ದವಾಗಿ ಬರೆಯತಕ್ಕದ್ದು. ಕಾರಿನ ಗಾಲಿಯ ಹಿಂದಿರುವ ಕವಲು ಸಲಾಕೆಗೂ ಅದೇ ಹೆಸರುಂಟು. ಇಂಗ್ಲಿಷರ ಮನೆಯಲ್ಲಿ ಇಡೀ ಕೋಳಿಯನ್ನು ಸುಟ್ಟು ತಿಂದ ಮೇಲೆ ಈ ಎಲುಬನ್ನು ಒಣಗಿಸಿ, ಇಬ್ಬರು ಒಂದೊಂದು ತುದಿ ಹಿಡಿದು ಜಗ್ಗುತ್ತಾರೆ. ಉದ್ದನೆಯ ತುಂಡು ಯಾರ ಕೈಗೆ ಬರುತ್ತದೋ ಅವರು ಮನಸ್ಸಿನಲ್ಲಿ ಬೇಡಿಕೊಂಡದ್ದು ನೆರವೇರುತ್ತದೆ. ಬಾಯಿಬಿಟ್ಟು ಹೇಳಿದರೆ ಮಾತ್ರ ಆಗುವುದಿಲ್ಲ. ಇಷ್ಟನ್ನೂ ಹೇಳಿ, ಒಂದು ಜನಾಂಗದ ಆಸೆ ಆಕಾಂಕ್ಷೆಗಳು, ಎಂದು ಮತ್ತೆ ಶುರು ಮಾಡಿದ್ದೆ. ಅವರು ಕೈ ಎತ್ತಿ ತಡೆದರು.

“ಅಂದರ ಕೋಳಿ ತಿಂದು ಕೈ ತೊಳ್ಕೊಂಡ ಮ್ಯಾಲ ಬೇಡ್ಕೋತಾರನ್ರಿ? ಭಾರೀ ಮಂದಿ ಬಿಡ್ರಿ. ನಮ್ಮ ಕಡೆ ದೇವಿ ಮೊದಲ ಕೆಲಸಾ ಮಾಡಬೇಕು, ಆಮ್ಯಾಲ ಕೋಳಿ.”

ಅವರು ಸುಮ್ಮನೆ ಹೇಳಿದ್ದಲ್ಲ. ಅವರ ಮನೆಯಲ್ಲಿ ಆಗ ಒಂದು ಹುಂಜ ಬೆಳೆಯುತ್ತಿತ್ತು. ಎಡಗಣ್ಣು ಉಳಿದರೆ ಇದನ್ನು ಒಪ್ಪಿಸುತ್ತೇನೆಂದು ಅವರ ಹೆಂಡತಿ ಊರದೇವಿಗೆ ಹೇಳಿಕೊಂಡು ಅದನ್ನು ಬಿಟ್ಟಿದ್ದರು. ಇನ್ನು ಹೆದರಿಕೆಯಿಲ್ಲ ಎಂದು ಡಾಕ್ಟರು ಅನ್ನುವವರೆಗೆ ಅದರ ಮೈಮೇಲೆ ಯಾರೂ ಕೈ ಹಾಕುವಂತಿರಲಿಲ್ಲ. ವಿಶ್ ಎಂಬುದಕ್ಕೆ ಹರಕೆ ಎಂದು ಬರೆದುಕೊಟ್ಟು ಎಷ್ಟು ಮಕ್ಕಳನ್ನು ಪಾಸು ಮಾಡಿಸಿದ್ದೆನೋ. ಎರಡರ ನಡುವೆ ಒಂದು ಜೀವಂತ ಹುಂಜದಷ್ಟು ಅಂತರ ಇದೆ ಎಂದು ಅಂದು ತಿಳಿಯಿತು.

ಚಾರ್ಟಿಗೆ ಅವರಿಗೆ ಒಂದು ಇಡೀ ಎಲುಬು ಬೇಕಾಗಿತ್ತು, ಹತ್ತಿರ ಹಿಡಿದು, ಕೊಳವೆಯಲ್ಲಿ ನೋಡಿ ಬರೆಯಲು. ಬಬಲೇಶ್ವರದ ಕೋಳಿ ಅಂಗಡಿಗೆ ಹೋಗಿ ಎದೆಯ ಭಾಗವನ್ನು ಕಡಿಯದೆ ಕೊಡು ಎಂದು ಹೇಳಿದರು. ಅಂಗಡಿಯವನು ಆಗಲಿ ಎಂದ. ಆದರೆ ಅವನ ಕೈ ರೂಢಿಯ ದಾರಿಯಲ್ಲೇ ಹೋಗಿ ಕೋಳಿಯನ್ನು ನಡುವೆ ಸೀಳಿಬಿಟ್ಟಿತು. ಇನ್ನೊಂದು ಸಲವೂ ಹಾಗೇ ಆಯಿತು. ನಮ್ಮ ಕಡೆ ಕೋಳಿ ಸಾರಿಗೆ ಬೀಳುವುದೇ ಸಣ್ಣ ಸಣ್ಣ ತುಂಡಾಗಿ. ಈ ಎಲುಬು ಇಡಿಯಾಗಿ ತಾಟಿಗೆ ಬಂದದ್ದನ್ನು ಕಂಡವರೇ ಇಲ್ಲ. ಇಂಗ್ಲಿಷರ ಪದ್ಧತಿಯಲ್ಲಿ ಆಸೆಪಡಲು ನಮಗೆ ಮನಸ್ಸಿದ್ದರೂ ಸಾಮಗ್ರಿ ಇರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ದಿನ ನಾನು ನಿಡೋಣಿಗೆ ಹೋದೆ. ಹುಂಜ ಅಂಗಳದ ಕಟ್ಟೆಯ ಮೇಲೆ ಊರ ಹಿರಿಯನ ಹಾಗೆ ನಿಂತಿತ್ತು. ನಾನು ವೈನಿ ಎಂದು ಕರೆಯುವ ಅವರ ಹೆಂಡತಿ ಅದಕ್ಕೆ ಜೋಳ ಚೆಲ್ಲುತ್ತಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅದರ ಊಟ ಆಗುತ್ತಿತ್ತು.

“ನೋಡ್ರಿ ಇಂಗ್ಲಿಷ್ ಮಾಸ್ತರ,” ಎಂದರು ಡ್ರಾಯಿಂಗ್ ಮಾಸ್ತರರು, “ನನ್ನ ಚಾರ್ಟಿನ ಎಲುಬು ಅಂಗಳದಾಗ ತಿರಗಾಡಾಕತ್ತೈತಿ, ನನಗ ಸಿಗವಲ್ದು.”

“ಕಣ್ಣು ಉಳೀಲಿ. ಆಮ್ಯಾಲ ಎಲುಬು ನಿಮಗ. ಅಲ್ಲೀತನಕಾ ಅದರ ಮ್ಯಾಲ ನಗೀ ಬ್ಯಾಡ,” ಎಂದರು ವೈನಿ. ನಾವಿಬ್ಬರೂ ಹೆಡ್‌ಮಾಸ್ತರರ ಮುಂದೆ ಸಿಕ್ಕಿಬಿದ್ದವರ ಹಾಗೆ ನಗು ನುಂಗಿದೆವು.

ಆದರೆ ಮುಟ್ಟಿ ನೋಡಲು ಅಡ್ಡಿಯಿಲ್ಲ ಎಂದು ಒಪ್ಪಿಕೊಂಡರು. ವೈನಿಯೇ ಹುಂಜವನ್ನು ಮಡಿಲಲ್ಲಿ ಹಿಡಿದು ಕುಳಿತರು. ಡ್ರಾಯಿಂಗ್ ಮಾಸ್ತರರು ಕತ್ತಿನ ಬುಡದ ಪುಕ್ಕದೊಳಗೆ ಬೆರಳು ಇಳಿಸಿ, ತಲೆ ವಾಲಿಸಿ, ತಂತಿವಾದ್ಯ ಶ್ರುತಿ ಮಾಡುವವರ ಹಾಗೆ ಹುಡುಕಿದರು. ಸಿಕ್ಕಿತು. ಬಲಗೈಯಲ್ಲಿ ಆಗಲೇ ಹಾಳೆಯ ಮೇಲೆ ಗೆರೆ ಎಳೆಯತೊಡಗಿದರು. ಬೆರಳು ಹೇಳಿದ್ದನ್ನು ಪೆನ್ಸಿಲು ಬರೆದುಕೊಳ್ಳುತ್ತಿತ್ತು. ಹುಂಜ ನನ್ನ ಕಡೆ ನೋಡುತ್ತ ಕೂತಿತ್ತು. ಅದಕ್ಕೆ ಎರಡೂ ಕಣ್ಣು ಚೆನ್ನಾಗಿದ್ದವು.

ಚಾರ್ಟನ್ನು ಅವರು ಮುಗಿಸಿಕೊಟ್ಟರು. ನಾನು ಅದನ್ನು ನೋಡಿದ್ದೇನೆ. ಎಲುಬುಗಳು ಒಂದೊಂದೂ ಸರಿಯಾಗಿದ್ದವು, ಒಂದಕ್ಕೊಂದು ಕೂಡಿರಲಿಲ್ಲ. ವಿಶ್‌ಬೋನಿನ ಎರಡು ಕವಲುಗಳು ಕೂಡಬೇಕಾದಲ್ಲಿಯೂ ಒಂದು ಬೆರಳಗಲ ಬಿಳಿ ಹಾಳೆ ಉಳಿದಿತ್ತು. ಇಡೀ ಹಾಳೆಯನ್ನು ಒಟ್ಟಿಗೆ ನೋಡುವ ಕಣ್ಣು ಅವರಲ್ಲಿ ಉಳಿದಿರಲಿಲ್ಲ. ಚಂದ ಆಗೇತಲ್ರಿ ಎಂದು ಕೇಳಿದರು, ಅಕ್ಷರ ಬಹಳ ಚಂದ ಬಂದಾವ ಎಂದೆ. ಶಾಲೆಯವರು ಮರ್ಯಾದಸ್ಥರು, ಚಾರ್ಟನ್ನು ತೆಗೆದುಕೊಂಡು, ಅವರಿಗೆ ಹೂಮಾಲೆ ಹಾಕಿ, ವಿಜಯಪುರದಿಂದ ಅಚ್ಚು ಹಾಕಿದ್ದೊಂದನ್ನು ತಂದು ಗೋಡೆಗೆ ಹಚ್ಚಿದರು.

ಮಳೆಗಾಲ ಶುರುವಾದಾಗ ಮತ್ತೆ ತಪಾಸಣೆ ಬಂತು. ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಕರೆದುಕೊಂಡು ಹೋದವನು ನಾನೇ, ಏಕೆಂದರೆ ರಸ್ತೆ ದಾಟುವಾಗ ಪಕ್ಕದಿಂದ ಬರುವ ಗಾಡಿಗಳು ಅವರಿಗೆ ಕಾಣುತ್ತಿರಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ಕಣ್ಣಿನೊಳಗೆ ದೀಪ ಬಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಆಪರೇಶನ್ ಆದರೂ ಕಣ್ಣಿನೊಳಗಿನ ಒತ್ತಡ ಇಳಿದಿಲ್ಲ, ಕಣ್ಣಿನ ನರ ಸಾಯುತ್ತಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ, ಕೆಲವು ತಿಂಗಳು ದೃಷ್ಟಿ ಇದ್ದೀತು. ಕೆಟ್ಟ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳಿದರೆ ರೋಗಿಗೆ ತಾಗುವುದಿಲ್ಲ ಎಂದು ನಮ್ಮಲ್ಲಿ ಒಂದು ನಂಬಿಕೆ ಇದೆ. ಇಂಗ್ಲಿಷ್ ಕಲಿಸಿಯೇ ಹೊಟ್ಟೆ ಹೊರೆದವನಾದ್ದರಿಂದ ಅದು ಸುಳ್ಳೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಡ್ರಾಯಿಂಗ್ ಮಾಸ್ತರರು ಎದ್ದು ಕೈ ಮುಗಿದು, ಥ್ಯಾಂಕ್ಯೂ ಮೇಡಂ ಎಂದರು.

ಆಟೋದಲ್ಲಿ ಒಂದೇ ಮಾತು ಆಡಿದರು. “ಮನ್ಯಾಗ ನೀವ ಹೇಳ್ರಿ. ನನ್ನ ಕಡಿಂದ ಆಗೂದಿಲ್ಲ.”

ಹೀಗಾಗಿ ನಾನೂ ನಿಡೋಣಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತಿದ್ದೆ, ಒಂದಕ್ಕಿಂತ ಒಂದು ಮೆತ್ತಗಿನದು. ಅಲ್ಲಿ ಹೋಗಿ ಕುಳಿತು ಅವನ್ನು ಒಂದೊಂದಾಗಿ ಆಡತೊಡಗಿದೆ. ವೈನಿ ಎರಡನೆಯದಕ್ಕೇ ತಡೆದರು.

“ಉಳಿಯೂದಿಲ್ಲ ಅಂತ ಖಾತ್ರಿ ಹೇಳ್ಯಾರನ್ರಿ ಸರ?”

“ಹೌದ್ರಿ ವೈನಿ.”

ಅವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಹುಂಜವನ್ನು ಹಿಡಿದರು. ಅದಕ್ಕೆ ಅವರ ಕೈಯ ರೂಢಿ ಇತ್ತು, ಓಡಲಿಲ್ಲ. ಪಕ್ಕದ ಮನೆಯವನನ್ನು ಕೂಗಿ ಕರೆದರು. ಅವನು ಬಂದು, ಏನು ಮಾಡಬೇಕೆಂದು ತಿಳಿದಾಗ ಹಿಂದೆ ಸರಿದ.

“ದೇವರಿಗೆ ಬಿಟ್ಟದ್ದಲ್ಲೇನಬೇ ಇದು?”

“ಕಣ್ಣಿನ ಸಲುವಾಗಿ ಬಿಟ್ಟಿದ್ದೆ. ಕಣ್ಣ ಇಲ್ಲಂದ ಮ್ಯಾಲ ಇದು ಬರೇ ಹುಂಜ. ಕೊಯ್ಯಿ.”

ಡ್ರಾಯಿಂಗ್ ಮಾಸ್ತರರು ಬ್ಯಾಡ, ಇರಲಿ ಬಿಡು ಎಂದು ಮೆಲ್ಲಗೆ ಹೇಳಿದರು. ವೈನಿ ಹುಂಜವನ್ನು ಪಕ್ಕದ ಮನೆಯವನ ಕೈಗೆ ಕೊಟ್ಟರು. ಅವರು ದೇವಿಯನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಅಲ್ಲಿ ಕೂತುಕೊಳ್ಳಲು ಇನ್ನಷ್ಟು ಸುಲಭವಾಗುತ್ತಿತ್ತು.

ಹುಂಜವನ್ನು ತುಂಡು ಮಾಡಲು ಅವರೇ ಇಳಿಗೆಮಣೆಯ ಮುಂದೆ ಕುಳಿತರು. ಮಧ್ಯಾಹ್ನ ನಾನು ಒಂದು ಬದಿಗೆ ಕೂತು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡೆ. ಅವರ ಗಂಡ ಎರಡು ತುತ್ತು ಉಂಡು ತಾಟು ಸರಿಸಿದರು. ಬಲಿತ ಹುಂಜ, ಹಲ್ಲಿಗೆ ಬಗ್ಗಲಿಲ್ಲ ಎಂದರು. ಊಟವಾದ ಮೇಲೆ ವೈನಿ ಒಂದು ಸಣ್ಣ ತಾಟು ತಂದು ನಮ್ಮಿಬ್ಬರ ನಡುವೆ ಇಟ್ಟರು. ಅದರಲ್ಲಿ ತೊಳೆದ ಎಲುಬು ಒಂದೇ ಇತ್ತು, ಇಡಿಯಾಗಿ, ಎರಡು ಕವಲು ಕೂಡಿದ್ದು.

“ನಿಮಗ ಬೇಕಾದದ್ದು ತಗೋರಿ,” ಎಂದು ಒಳಗೆ ಹೋಗದೆ ಬಾಗಿಲಲ್ಲೇ ನಿಂತರು.

ಡ್ರಾಯಿಂಗ್ ಮಾಸ್ತರರು ಅದನ್ನು ಎತ್ತಿ ಎಡಗಣ್ಣಿನ ಹತ್ತಿರ ತಂದು, ಆಚೆ ಈಚೆ ಸರಿಸಿ, ಕೊನೆಗೆ ಕಣ್ಣು ಮುಚ್ಚಿ ಬೆರಳಿನಿಂದ ನೋಡಿದರು. “ಕೂಡೇತ್ರಿ,” ಎಂದರು. “ನಾ ಬ್ಯಾರೆ ಬ್ಯಾರೆ ಬರದಿದ್ದೆ.” ಆಮೇಲೆ ಒಂದು ತುದಿಯನ್ನು ನನ್ನ ಕಡೆ ಚಾಚಿದರು. “ಹಿಡೀರಿ. ಅರ್ಥ ಹೇಳಿದ್ರಿ, ಪ್ರಯೋಗ ಆಗಿಲ್ಲ.”

ನನ್ನ ಹಿರಿಯರು ಯಾರೂ ಮಾಡದ್ದನ್ನು ನಾನು ಮಾಡಿದೆ. ಎಲುಬು ಒಣಗಿರಬೇಕೆಂಬ ನಿಯಮ ಆಗ ನನ್ನ ನೆನಪಿಗೆ ಬರಲಿಲ್ಲ; ಅದು ಹಸಿಯಾಗಿತ್ತು, ಜಾರುತ್ತಿತ್ತು, ಬಾಗುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ. ನಿವೃತ್ತ ಶಿಕ್ಷಕರಿಬ್ಬರು ಎದುರುಬದುರು ಚಕ್ಕಳಬಕ್ಕಳ ಹಾಕಿ ಕುಳಿತು ಒಂದು ಹುಂಜದ ಎಲುಬನ್ನು ಜಗ್ಗಿದೆವು. ಕೊನೆಗೆ ಅದು ಸಪ್ಪಳವಿಲ್ಲದೆ ಮುರಿಯಿತು.

“ಉದ್ದಂದು ಯಾರ ಕಡೆ ಬಂತು?”

“ನಿಮ್ಮ ಕಡೆ.”

“ಸುಳ್ಳ ಹೇಳಬ್ಯಾಡ್ರಿ.”

ನನ್ನ ತುಂಡನ್ನೂ ಅವರ ಅಂಗೈಯಲ್ಲಿ ಇಟ್ಟೆ. ಹೆಬ್ಬೆರಳಿನಿಂದ ಎರಡನ್ನೂ ಅಳೆದರು. ನಾನು ಹೇಳಿದ್ದು ನಿಜವಾಗಿತ್ತು. ಅವರಿಗೆ ಸ್ವಲ್ಪ ನಗೆ ಬಂತು. ಏನು ಬೇಡಿಕೊಂಡಿರಿ ಎಂದು ನಾನು ಕೇಳಲಿಲ್ಲ, ಬಾಯಿಬಿಟ್ಟು ಹೇಳಬಾರದೆಂದು ಕಲಿಸಿದವನು ನಾನೇ. ಬಾಗಿಲಲ್ಲಿ ನಿಂತಿದ್ದ ವೈನಿ, “ಗೆದ್ದಿರೇನ?” ಎಂದು ಗಂಡನನ್ನು ಕೇಳಿ, ಅವರು ಹೌದೆನ್ನುವಷ್ಟರಲ್ಲಿ ತಾಟು ಎತ್ತಿಕೊಂಡು ಒಳಗೆ ಹೋದರು. ನಾನು ಸಂಜೆಯ ಬಸ್ಸಿಗೆ ಊರಿಗೆ ಬಂದೆ.

ಆ ವರ್ಷದ ದಸರಾ ಮುಗಿಯುವಷ್ಟರಲ್ಲಿ ಅವರ ಎಡಗಣ್ಣೂ ಪೂರ್ತಿ ಹೋಯಿತು.