ಪಾನಿ ಹನಾಕೊವಾ ಗ್ಲಾಸು ಖಾಲಿ ಮಾಡಿದ್ದು

ನಮ್ಮ ಒಲೊಮೌತ್ಸ್ ಊರಿನಲ್ಲಿ ಬಿಯರ್ ಸುರಿಯುವವರೆಲ್ಲ ಮೂವತ್ತೊಂದು ವರ್ಷ ಒಬ್ಬ ಹೆಂಗಸಿಗೆ ಹೆದರಿಕೊಂಡು ಬದುಕಿದರು. ಆಕೆ ಯಾರ್ಮಿಲಾ ಹನಾಕೊವಾ. ಊರವರೆಲ್ಲ ಮರ್ಯಾದೆಯಿಂದ ಪಾನಿ ಹನಾಕೊವಾ ಎನ್ನುತ್ತೇವೆ; ನಮ್ಮಲ್ಲಿ ಹೆಂಗಸರು ಪಾನಿ, ಗಂಡಸರು ಪಾನ್. ಅಳತೆ-ತೂಕ ನೋಡುವ ಇಲಾಖೆಯಲ್ಲಿ ಅವರಿಗೆ ಕೆಲಸ. ಕುಳ್ಳು ಮೈಕಟ್ಟು, ದುಂಡು ಮುಖ, ಕೈಯಲ್ಲಿ ಸದಾ ಒಂದು ತರಕಾರಿ ಚೀಲ. ಪಬ್ಬಿಗೆ ಬಂದು ಮೂಲೆಯಲ್ಲಿ ಕೂತು ಅರ್ಧ ಲೀಟರ್ ಬಿಯರ್ ತರಿಸಿ, ನೊರೆ ಇಳಿಯುವ ತನಕ ಸುಮ್ಮನೆ ಕಾಯುತ್ತಿದ್ದರು. ಗ್ಲಾಸಿನ ಮೇಲೆ ಅರ್ಧ ಲೀಟರಿನ ಗೆರೆ ಇರುತ್ತದಲ್ಲ, ಬಿಯರ್ ಅದನ್ನು ಮುಟ್ಟಿರಬೇಕು, ನೊರೆ ಅದರ ಮೇಲಿರಬೇಕು. ಮುಟ್ಟಿರದಿದ್ದರೆ ಚೀಲದಿಂದ ಲೀಕ್ಸ್ ಸೊಪ್ಪಿನ ಪಕ್ಕದಲ್ಲೇ ಒಂದು ಸ್ಕೇಲು ಹೊರಗೆ ಬರುತ್ತಿತ್ತು, ಅದರ ಹಿಂದೆ ಇಲಾಖೆಯ ಬಿಲ್ಲೆ. ಅಲ್ಲಿಗೆ ಪಬ್ಬಿನವನ ಕಥೆ ಮುಗಿಯಿತು.

ಇಷ್ಟು ವರ್ಷದಲ್ಲಿ ಅವರು ಸಾವಿರಾರು ಗ್ಲಾಸು ತರಿಸಿದ್ದರೂ ಒಂದನ್ನೂ ಕುಡಿದಿರಲಿಲ್ಲ. ಒಮ್ಮೆ ನಾನೇ ಕೇಳಿದ್ದೆ. “ಅದು ಸಾಕ್ಷಿ, ಪಾನ್ ಎವ್ಝೆನ್. ಸಾಕ್ಷಿನ ಯಾರಾದ್ರೂ ಕುಡೀತಾರಾ?” ಎಂದಿದ್ದರು.

ನಿವೃತ್ತಿಯಾದ ಮರುವಾರವೇ ಅವರು ಊರಿನ ಸಣ್ಣಪುಟ್ಟ ಬಿಯರ್ ಭಟ್ಟಿಗಳನ್ನೆಲ್ಲ ಸುತ್ತತೊಡಗಿದರು. ಇಷ್ಟು ದಿನ ಮೇಜಿನ ಮೇಲೇ ಬಿಟ್ಟು ಬಂದದ್ದರ ರುಚಿಯನ್ನು ಈಗ ನೋಡಬೇಕಿತ್ತು. ಅವರ ತಂಗಿಯ ಮಗಳದು ನದಿಯ ಹತ್ತಿರ ಒಂದು ಪುಟ್ಟ ವಸತಿಗೃಹ. ಅವಳು, “ಹೇಗಿದ್ರೂ ಹೋಗ್ತೀಯಲ್ಲ ದೊಡ್ಡಮ್ಮ, ನನ್ನ ಅತಿಥಿಗಳನ್ನೂ ಕರ್ಕೊಂಡು ಹೋಗು” ಎಂದಳು. ಹೀಗೆ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ನಾಲ್ಕು ಪಬ್ಬು, ನಾಲ್ಕು ಬಗೆಯ ಬಿಯರಿನ ಸವಾರಿ ಶುರುವಾಯಿತು.

ಅವರು ನಿವೃತ್ತರಾದದ್ದು ಪಬ್ಬಿನವರಿಗೆ ಗೊತ್ತಿರಲಿಲ್ಲ. ಪಾನಿ ಹನಾಕೊವಾ ಐದಾರು ಜನ ವಿದೇಶಿಯರನ್ನು ಬೆನ್ನಿಗಿಟ್ಟುಕೊಂಡು ಒಳಗೆ ಕಾಲಿಟ್ಟರೆ, ಯುರೋಪಿನ ದೊಡ್ಡ ದೊಡ್ಡ ಅಧಿಕಾರಿಗಳೇ ತಪಾಸಣೆಗೆ ಬಂದರೆಂದು ಪಬ್ಬಿನವರು ಬಿಯರ್ ನಲ್ಲಿಗೆ ಓಡುತ್ತಿದ್ದರು. ಗ್ಲಾಸುಗಳು ಗೆರೆ ದಾಟಿ ತುಂಬುತ್ತಿದ್ದವು. ಯಾವುದು ಅವರ ಮೇಜಿಗೆ, ಯಾವುದು ಬೇರೆಯವರಿಗೆ ಎಂದು ನೋಡುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಪಬ್ಬಿನಲ್ಲಿದ್ದ ಎಲ್ಲರಿಗೂ ಒಂದೇ ಅಳತೆ.

ಇದನ್ನು ಮೊದಲು ಪತ್ತೆ ಹಚ್ಚಿದವನು ನನ್ನ ಗೆಳೆಯ ವೀತ್. ನಾವಿಬ್ಬರೂ ಟ್ರಾಮ್ ಶೆಡ್ಡಿನಲ್ಲಿ ಬ್ರೇಕು ರಿಪೇರಿ ಮಾಡಿಯೇ ಮುದುಕರಾದವರು. ಒಂದು ಶನಿವಾರ ಅವನು ತನ್ನ ಗ್ಲಾಸನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

“ಎವ್ಝೆನ್, ಇದು ತುಂಬಿದೆ ಕಣೋ.”

“ತುಂಬಿದ್ರೆ ಕುಡಿ.”

“ಅದಲ್ಲ ಮಾರಾಯಾ. ಆಯಮ್ಮ ಇಲ್ಲಿಂದ ಮುಂದೆ ಎಲ್ಲಿಗೆ ಹೋಗ್ತಾರೆ, ಅದನ್ನ ಹೇಳು.”

ಅಂದಿನಿಂದ ನಾವು ಅವರ ಹಿಂದೆ ಬಿದ್ದೆವು. ಇಪ್ಪತ್ತು ಹೆಜ್ಜೆ ದೂರದಲ್ಲಿ, ಕಾರಂಜಿ ನೋಡುವವರಂತೆ, ಅಂಗಡಿ ಕಿಟಕಿ ನೋಡುವವರಂತೆ. ಮುಂದಿನ ಶನಿವಾರ ನಾವು ನಾಲ್ವರಾದೆವು, ಈಸ್ಟರ್ ಹೊತ್ತಿಗೆ ಹದಿನೇಳು. ನಿವೃತ್ತ ಪೋಸ್ಟ್ ಮಾಸ್ತರರು, ಚರ್ಚಿನಲ್ಲಿ ಆರ್ಗನ್ ನುಡಿಸುವವರು, ಒಬ್ಬ ದಂತವೈದ್ಯ. ಪಾನಿ ಹನಾಕೊವಾ ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೆ ಪೋಸ್ಟ್ ಮಾಸ್ತರರ ಮಂಡಿನೋವು ಹೆಚ್ಚಿದ ದಿನ ಮುಂದೆ ಹೋಗುತ್ತಿದ್ದ ಪಾನಿಯ ನಡಿಗೆಯೂ ನಿಧಾನವಾದದ್ದನ್ನು ನಾನು ಗಮನಿಸಿದೆ.

ಅತಿಥಿಗಳಿಗೆ ಬಿಯರಿನ ಬಗ್ಗೆ ಅವರು ಹೇಳುತ್ತಿದ್ದ ಮಾತುಗಳೂ ಅವರ ಹಾಗೆಯೇ. ಮೊದಲು ಗ್ಲಾಸು ನೋಡಿ “ಅಳತೆ ಸರಿ ಇದೆ” ಎನ್ನುವರು. ಆಮೇಲೆ ಒಂದು ಗುಟುಕು. “ಇದು ಹುಲ್ಲು ಕೊಯ್ದ ಮಾರನೇ ದಿನದ ಹಾಗಿದೆ.” ಇನ್ನೊಂದು ಕಡೆ, “ಇದರಲ್ಲಿ ಸುಟ್ಟ ಬ್ರೆಡ್ಡಿನ ರುಚಿ, ನನ್ನ ಅತ್ತೆ ಮನೆ ನೆನಪಾಗತ್ತೆ, ನಂಗೆ ಬೇಡ.” ನಮ್ಮೂರಿನ ನಾರುವ ಚೀಸನ್ನು ಈರುಳ್ಳಿಯ ಜೊತೆ ತಿನ್ನಿಸಿ, ಮೂಗು ಮುಚ್ಚಿಕೊಂಡವರಿಗೆ ಎರಡು ತುಂಡು ಹೆಚ್ಚಿಗೆ ಹಾಕಿಸುತ್ತಿದ್ದರು.

ಕಡೆಗೆ ಗುಟ್ಟು ರಟ್ಟು ಮಾಡಿದ್ದು ಆ ತಂಗಿಯ ಮಗಳೇ. “ನಿವೃತ್ತ ಅಳತೆ ಅಧಿಕಾರಿಯ ಜೊತೆ ಬಿಯರ್ ಸವಾರಿ” ಎಂದು ಚಂದವಾಗಿ ಕಾಗದ ಅಚ್ಚು ಹಾಕಿಸಿ ಊರಿನಲ್ಲೆಲ್ಲ ಹಂಚಿದಳು. ಅದರಲ್ಲೊಂದು ‘ನೀರುನಾಯಿ’ ಪಬ್ಬಿನ ಲುಬೋರನ ಕೈಗೂ ಸಿಕ್ಕಿತು. ಲುಬೋರ್ ಅರವತ್ತು ದಾಟಿದ ವಿಧುರ, ಮೀಸೆಯ ಆಸಾಮಿ. ಪಾನಿ ಹನಾಕೊವಾ ಅವನನ್ನು ಎರಡು ಸಲ ಹಿಡಿದು ದಂಡ ಹಾಕಿದ್ದರು. ಎರಡನೇ ಸಲ ಅವನ ಹುಟ್ಟುಹಬ್ಬದ ದಿನ.

ಆ ಶನಿವಾರ ಅವರ ಜೊತೆ ಡೆನ್ಮಾರ್ಕಿನ ಆರು ಮಂದಿ ನರ್ಸುಗಳು. ನೀರುನಾಯಿ ಮೂರನೆಯ ಪಬ್ಬು. ಅವರು ಕೂತರು, ನಾವು ಹದಿನೇಳು ಮಂದಿ ಅಕ್ಕಪಕ್ಕದ ಮೇಜುಗಳಲ್ಲಿ ಅಪರಿಚಿತರಂತೆ ಕೂತೆವು. ಲುಬೋರ್ ತಾನೇ ತಟ್ಟೆ ಹಿಡಿದು ಬಂದ. ಗ್ಲಾಸುಗಳಲ್ಲಿ ತಳದಿಂದ ತುದಿಯವರೆಗೆ ಬರೀ ಬಿಳಿ ನೊರೆ.

“ಇದೇನಿದು, ಪಾನ್ ಲುಬೋರ್?” ಎಂದರು ಪಾನಿ ಹನಾಕೊವಾ.

“ಹಾಲು, ಪಾನಿ. ನೊರೆಯ ಬಿಯರಿಗೆ ನಾವು ಹಾಗೇ ತಾನೇ ಅನ್ನೋದು. ಇವತ್ತು ಇಲ್ಲಿ ಇದೊಂದೇ. ಇದಕ್ಕೆ ಗೆರೆ ಇಲ್ಲ, ನಿಮ್ಮ ಸ್ಕೇಲನ್ನ ಸೊಪ್ಪಿನ ಜೊತೆ ಮಲಗಿಸಿಬಿಡಿ.” ಆಮೇಲೆ ಜೇಬಿನಿಂದ ಆ ಕಾಗದ ತೆಗೆದು ಅವರ ಮುಂದೆ ಬಿಡಿಸಿಟ್ಟ. “ನಿವೃತ್ತ ಅಂತ ಬರ್ದಿದೆ. ಅಕ್ಷರ ಸರಿಯಾಗೇ ಓದ್ಕೊಂಡಿದೀನಿ ತಾನೆ?”

ನಾನು ಮೇಜಿನ ಮರದ ಗೆರೆಗಳನ್ನು ಎಣಿಸತೊಡಗಿದೆ. ಪಾನಿ ಹನಾಕೊವಾ ಕಾಗದ ಓದಿ ಮಡಚಿಟ್ಟರು, ಗ್ಲಾಸನ್ನೆತ್ತಿ ನೊರೆಯನ್ನು ಒಂದೇ ಉಸಿರಿಗೆ ಕುಡಿದು ಮುಗಿಸಿದರು. ಮೇಲ್ತುಟಿಯ ಮೇಲೆ ಲುಬೋರನದರಷ್ಟೇ ದಪ್ಪದ ಬಿಳಿ ಮೀಸೆ ಮೂಡಿತು. ಆರು ನರ್ಸುಗಳೂ ಹಾಗೆಯೇ ಮಾಡಿದರು.

“ಸಿಹಿಯಾಗಿದೆ. ಇನ್ನೊಂದು ಕೊಡಿ” ಎಂದರು ಪಾನಿ.

ಲುಬೋರ್ ಇದನ್ನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ಸಿದ್ಧವಾಗಿ ಬಂದಿದ್ದವನು ಪೆಚ್ಚಾಗಿ, “ಮೂವತ್ತು ವರ್ಷ ನಮ್ಮನ್ನ ಗೋಳು ಹುಯ್ಕೊಂಡ್ರಲ್ಲ, ಒಂದು ಗ್ಲಾಸು ನೀವೇ ಸುರಿದು ತೋರ್ಸಿ ನೋಡೋಣ” ಎಂದ.

“ಮೂವತ್ತೊಂದು” ಎಂದು ತಿದ್ದಿ ಅವರು ಎದ್ದೇಬಿಟ್ಟರು.

ನಲ್ಲಿಯ ಹಿಂದೆ ನಿಂತರೆ ಅವರ ತಲೆ ಮಾತ್ರ ಕಾಣುತ್ತಿತ್ತು. ಮೊದಲ ಗ್ಲಾಸು ಉಕ್ಕಿ ತೋಳಿನ ತನಕ ಒದ್ದೆಯಾಯಿತು. ಎರಡನೆಯದು ಅರ್ಧಕ್ಕೇ ನೊರೆಯಾಗಿ ನಿಂತಿತು. ಮೂರನೆಯದನ್ನು ಅವರು ಮಗುವಿಗೆ ಔಷಧಿ ಕುಡಿಸುವಷ್ಟು ಜೋಪಾನವಾಗಿ ತುಂಬಿಸಿ ನಮ್ಮ ಮೇಜಿಗೆ ತಂದಿಟ್ಟರು. ಎಲ್ಲರೂ ನೊರೆ ಇಳಿಯುವುದನ್ನೇ ಕಾದೆವು. ವೀತ್ ಅವರ ಚೀಲಕ್ಕೆ ಕೈ ಹಾಕಿ ಸ್ಕೇಲು ತೆಗೆದ. ಅವನಿಗೆ ಆ ಧೈರ್ಯ ಎಲ್ಲಿಂದ ಬಂತೋ.

“ಪಾನಿ, ತಪ್ಪು ತಿಳ್ಕೋಬೇಡಿ. ಎರಡು ಸೆಂಟಿಮೀಟರ್ ಕಡಿಮೆ ಇದೆ.”

ಅವರ ಕಿವಿ ಕೆಂಪಗಾಯಿತು. ತಾವೇ ಬಗ್ಗಿ ಇನ್ನೊಮ್ಮೆ ಅಳೆದರು. ಎರಡೇ. ಸ್ಕೇಲನ್ನು ಮೇಜಿನ ಮೇಲಿಟ್ಟು, “ದಂಡ ಏನು, ಪಾನ್ ಲುಬೋರ್?” ಎಂದರು.

“ಗ್ಲಾಸು ತೊಳೀರಿ” ಎಂದು ಅವನು ತಮಾಷೆಗೆ ಹೇಳಿದ. ಅವರು ಅಂಗಿಯ ತೋಳು ಮಡಚಿ ನಿಜವಾಗಿಯೂ ತೊಳೆಯಲು ನಿಂತರು. ಇದೂ ಸವಾರಿಯ ಒಂದು ಭಾಗವೆಂದುಕೊಂಡ ಡೆನ್ಮಾರ್ಕಿನವರು ಒಬ್ಬೊಬ್ಬರಾಗಿ ನಲ್ಲಿಯ ಹಿಂದೆ ನುಗ್ಗಿ, ತಾವೂ ಸುರಿದು, ಕಡಿಮೆ ಸುರಿದದ್ದಕ್ಕೆ ಖುಷಿಯಿಂದ ಗ್ಲಾಸು ತೊಳೆದರು. ಅವತ್ತು ನಾಲ್ಕನೇ ಪಬ್ಬಿಗೆ ಯಾರೂ ಹೋಗಲಿಲ್ಲ.

ಆಮೇಲೆ ಪಾನಿ ಹನಾಕೊವಾ ಪ್ರತಿ ಬುಧವಾರ ಬೆಳಿಗ್ಗೆ ಪಬ್ಬು ತೆರೆಯುವ ಮೊದಲು ನೀರುನಾಯಿಗೆ ಹೋಗಿ ಲುಬೋರನಿಂದ ಸುರಿಯುವುದನ್ನು ಕಲಿಯತೊಡಗಿದರು. ನಲ್ಲಿಯ ಹಿಂದೆ ಅವರು ನಿಲ್ಲಲು ಒಂದು ಮರದ ಮಣೆಯೂ ಬಂತು. ನೊರೆ ಎಷ್ಟಿರಬೇಕೆಂದು ಇಬ್ಬರೂ ಜಗಳವಾಡುವುದು ಬೀದಿಗೆ ಕೇಳಿಸುತ್ತಿತ್ತು. “ನಿಮ್ಮ ಕೈ ಇಲಾಖೆಯವರ ಕೈ ಪಾನಿ, ಗಟ್ಟಿ” ಎಂದು ಅವನು, “ನಿಮ್ಮದು ಜಿಪುಣರ ಕೈ” ಎಂದು ಇವರು. ಆರು ತಿಂಗಳಿಗೆ ಕೈ ಪಳಗಿತು.

ಇತ್ತ ಉಳಿದ ಮೂರು ಪಬ್ಬಿನವರಿಗೂ ಭಯ ಬಿಟ್ಟುಹೋಗಿ, ನಮ್ಮ ಗ್ಲಾಸುಗಳು ಹಳೆಯ ಮಟ್ಟಕ್ಕೇ ಇಳಿದವು. ಹದಿನೇಳು ಮಂದಿ ಕರಗಿ ಮತ್ತೆ ನಾವಿಬ್ಬರೇ ಉಳಿದೆವು. ಬಿಟ್ಟುಬಿಡೋಣ ಎಂದರೆ ವೀತ್ ಒಪ್ಪಲಿಲ್ಲ. ಆ ಚೀಸಿನ ರುಚಿ ಹತ್ತಿದೆ ಎಂದ.

ಹೋದ ತಿಂಗಳು ಒಂದು ಶನಿವಾರ ಸವಾರಿ ಇಲ್ಲ ಎಂಬ ಸುದ್ದಿ ಬಂತು. ಪಾನಿ ಹನಾಕೊವಾ ಬ್ರ್ನೊ ಊರಿನ ಬಿಯರುಗಳ ರುಚಿ ನೋಡಲು ರೈಲು ಹತ್ತಿದ್ದರಂತೆ. ನೀರುನಾಯಿಯ ಬಾಗಿಲೂ ಮುಚ್ಚಿತ್ತು. ನಾವಿಬ್ಬರೂ ಸಂಜೆಯ ರೈಲಿನ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ, ವೇಳಾಪಟ್ಟಿ ಓದುವವರಂತೆ ನಿಂತೆವು. ಮೊದಲು ಪಾನಿ ಹನಾಕೊವಾ ಇಳಿದರು, ಹಿಂದೆಯೇ ಲುಬೋರ್, ತರಕಾರಿ ಚೀಲ ಅವನ ಕೈಯಲ್ಲಿ. ಅವರು ನಮಗೆ ನಮಸ್ಕಾರ ಹೇಳಿ ಟ್ರಾಮಿನ ಕಡೆ ನಡೆದರು. ಲುಬೋರ್ ಒಂದು ಹೆಜ್ಜೆ ಹಿಂದೆ ಉಳಿದ.

“ಹೇಗಿತ್ತಪ್ಪ ಬ್ರ್ನೊದ ಬಿಯರ್?” ಎಂದು ವೀತ್ ಕೇಳಿದ.

“ಯಾವ ಬಿಯರ್?” ಎಂದ ಲುಬೋರ್. ಮೀಸೆಯ ಕೆಳಗೆ ನಗು ಅಡಗಿಸಿಕೊಂಡು, ಟ್ರಾಮ್ ತಪ್ಪದಿರಲೆಂದು ಬಿರಬಿರನೆ ನಡೆದುಬಿಟ್ಟ.