ಬರೀ ಒಂದು ಫ್ಯಾನ್ ಬೆಲ್ಟು

ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ತಾಗಿಲ್ಲ. ಸಾರಿ-ಕೋಬು ಹಳ್ಳಿಯ ಕೊನೆಯ ಅಂಗಳದಲ್ಲಿ ಕಲಿಚಾ ಬೂದು ಬಣ್ಣದ ಹಳೇ ವ್ಯಾನಿನ ಎಂಜಿನ್ನಿನೊಳಗೆ ಭುಜದವರೆಗೂ ಕೈ ಇಳಿಬಿಟ್ಟು ಬೈಯುತ್ತಿದ್ದಾರೆ. ಬೈಗುಳವೆಲ್ಲ ಒಂದು ಬೋಲ್ಟಿಗೆ. “ಬಾರೋ ಮಾರಾಯ! ದಾರೀಲಿ ಹೋಗ್ತಾ ತಾನೇ ಸಡಿಲ ಆಗ್ತಿದ್ದೆ, ಇವತ್ತು ಬೇಕು ಅಂದಾಗ ಹಟ ಹಿಡಿದು ಕೂತಿದೀಯಲ್ಲ!” ಬೋಲ್ಟು ಬರುತ್ತದೆ, ಅರ್ಧ ಮಾತ್ರ. ತಲೆ ಪಾನಾದ ಬಾಯಲ್ಲಿ, ಉಳಿದದ್ದು ಒಳಗೇ.

ಆಗಬೇಕಿದ್ದದ್ದು ಇಷ್ಟೇ: ಸವೆದ ಫ್ಯಾನ್ ಬೆಲ್ಟು ತೆಗೆದು ಹೊಸದು ಹಾಕುವುದು. ಚಹಾ ಕುದಿಯುವಷ್ಟರಲ್ಲಿ ಮುಗಿಯುವ ಕೆಲಸ. ಬೆಲ್ಟು ಹಾಕಲು ಡೈನಮೋ ಸರಿಸಬೇಕು, ಸರಿಸಲು ಹೋದರೆ ಬೋಲ್ಟು ಮುರಿಯಿತು. ಮುರಿದ ತುಂಡು ತೆಗೆಯಲು ವಾಟರ್ ಪಂಪು ಬಿಚ್ಚಬೇಕು. ಪಂಪು ಬಿಚ್ಚಿದರೆ ನೀರು ಸೋರದಂತೆ ಅದರ ಸಂದಿಗೆ ಇಟ್ಟಿದ್ದ ಪ್ಯಾಕಿಂಗು ಹರಿಯಿತು. “ಈ ಗಾಡಿ ಇದೆಯಲ್ಲ, ಒಂದನ್ನ ಮುಟ್ಟಿದರೆ ಹತ್ತಕ್ಕೆ ಹೊಟ್ಟೆಕಿಚ್ಚು” ಎನ್ನುತ್ತ ಅವರು ಗಂಡನ ಹಳೇ ಬೂಟಿನ ಚರ್ಮವನ್ನು ಕತ್ತರಿಯಲ್ಲಿ ಕತ್ತರಿಸಿ ಹೊಸ ಪ್ಯಾಕಿಂಗು ಮಾಡುತ್ತಿದ್ದಾರೆ.

ಅರವತ್ತು ದಾಟಿದ ಕಲಿಚಾ ಮಾಡುವ ಕೆಲಸಕ್ಕೆ ದೊಡ್ಡ ಹೆಸರೇನೂ ಇಲ್ಲ. ಬೇಸಿಗೆಯುದ್ದಕ್ಕೂ ಲಸಿಕೆ ಹಾಕುವ ನರ್ಸನ್ನು ಕಣಿವೆ ದಾಟಿಸಿ, ಕುರಿ-ಕುದುರೆ ಮೇಯಿಸುವವರು ಗುಡಾರ ಹಾಕಿರುವ ಮೇಲಿನ ಹುಲ್ಲುಗಾವಲಿಗೆ ಕರೆದೊಯ್ಯುತ್ತಾರೆ, ಕರೆತರುತ್ತಾರೆ. ಊರಿನವರು ಹೇಳುವಾಗ “ನರ್ಸಮ್ಮ ಬಂದಿದ್ದರು” ಎನ್ನುತ್ತಾರೆ. ನರ್ಸಮ್ಮ ಹಾರಿಕೊಂಡು ಬಂದರೋ ಏನೋ, ಯಾರೂ ಕೇಳುವುದಿಲ್ಲ.

ಆ ನರ್ಸು ನಾಸಿಪಾ ಆಗಲೇ ಗೇಟಿನ ಹತ್ತಿರ ನಿಂತಿದ್ದಾಳೆ. ಬಿಳಿ ಕೋಟು, ಕೈಯಲ್ಲಿ ನೀಲಿ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಐಸು, ಐಸಿನ ನಡುವೆ ದಡಾರದ ಲಸಿಕೆ.

“ಅಕ್ಕ, ಐಸು ಮಧ್ಯಾಹ್ನದವರೆಗೆ ತಡೆದರೆ ಹೆಚ್ಚು. ಆಮೇಲೆ ಇದನ್ನ ಮಣ್ಣಿಗೆ ಸುರೀಬೇಕು ಅಷ್ಟೆ. ಅಕ್ಕಪಕ್ಕದ ಕಣಿವೆಗಳಿಂದೆಲ್ಲ ತಾಯಂದಿರು ಕೂಸು ಎತ್ಕೊಂಡು ಹೊರಟಿರ್ತಾರೆ.”

“ಗೊತ್ತು ಕಣೇ. ನೀನು ನಿಂತು ನೋಡ್ತಿದ್ರೆ ಇದು ಇನ್ನೂ ಹಟ ಮಾಡುತ್ತೆ. ಅತ್ತ ಹೋಗಿ ಕೂತ್ಕೋ.”

ಕಲಿಚಾ ಒಬ್ಬರೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಮುಗಿಸಿಬಿಡುತ್ತಿದ್ದರೇನೋ. ಆದರೆ ಇಲ್ಲಿ ಅಶಾರ್ ಎಂಬ ಪದ್ಧತಿಯೊಂದಿದೆ. ಒಬ್ಬರ ಮನೆಯ ಕೆಲಸಕ್ಕೆ ಕರೆಯದೆಯೇ ಎಲ್ಲರೂ ಬಂದು ಕೈ ಹಾಕುತ್ತಾರೆ, ಬಂದವರನ್ನು ಬೇಡ ಎನ್ನುವಂತಿಲ್ಲ. ಗೋಡೆ ಕಟ್ಟುವುದಕ್ಕೆ, ಹುಲ್ಲು ಒಟ್ಟುವುದಕ್ಕೆ ಬಲು ಚೆನ್ನ. ಎಂಜಿನ್ನಿಗೆ ಮಾತ್ರ ದೇವರೇ ಗತಿ! ಸುತ್ತಿಗೆಯ ಸದ್ದು ಕೇಳಿದ್ದೇ ತಡ, ಬೀದಿಯ ಗಂಡಸರೆಲ್ಲ ತಲೆಗೆ ಕಂಬಳಿ ಟೋಪಿ, ಕೈಗೊಂದು ಪಾನಾ ಹಿಡಿದು ಹಾಜರು. ಒಬ್ಬ ಕಾರ್ಬೊರೇಟರು ಬಿಚ್ಚುತ್ತಾನೆ, “ಹೇಗಿದ್ದರೂ ಬಿಚ್ಚಿದೀರಲ್ಲ, ಇದನ್ನೂ ತೊಳೆದುಬಿಡೋಣ” ಅಂತ. ಇನ್ನೊಬ್ಬ ಬ್ಯಾಟರಿ ಇಳಿಸುತ್ತಾನೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಯಾರದೋ ಹೆಂಡತಿ ಕೆಟ್ಟ ಕಣ್ಣು ಬಿದ್ದಿದೆ ಎಂದು ಆರ್ಚಾ ಎಂಬ ಬೆಟ್ಟದ ಗಿಡದ ಸೊಪ್ಪಿನ ಹೊಗೆ ಹಾಕಿಕೊಂಡು ವ್ಯಾನಿನ ಸುತ್ತ ಬರುತ್ತಾಳೆ. “ಪೆಟ್ರೋಲು ತೆರೆದಿಟ್ಟಿದೆ, ತಾಯಿ! ದೃಷ್ಟಿ ತೆಗೆಯೋಕೆ ಹೋಗಿ ಗಾಡೀನೇ ತೆಗೀಬೇಡ!” ಎಂದು ಕಲಿಚಾ ಕೂಗಿಕೊಳ್ಳುತ್ತಾರೆ.

ಇವರಿಗೆಲ್ಲ ಹಿರಿಯ ಶಾರ್ಶೆ. ಬೀದಿಯಲ್ಲಿ ಇಂಥದೇ ವ್ಯಾನು ಇನ್ನೊಂದಿದ್ದರೆ ಅದು ಅವರದು. ತಾಡಪಾಲು ಹೊದಿಸಿ ಮೊಮ್ಮಗನ ಮದುವೆಗೆಂದು ಇಟ್ಟಿದ್ದಾರೆ, ಒಂದು ತಿರುಪನ್ನೂ ಯಾರಿಗೂ ಕೊಟ್ಟವರಲ್ಲ. ಬುದ್ಧಿಮಾತು ಮಾತ್ರ ಧಾರಾಳ. ನೀರಿನ ಹೋಸು ಒಣಗಿ ಬಿರುಸಾಗಿದೆ, ಜಾಗಕ್ಕೆ ಕೂರುತ್ತಿಲ್ಲ ಎಂದಾಗ ಅವರು ಮನೆಯಿಂದ ಒಂದು ಬಟ್ಟಲು ಕುರಿಬಾಲದ ಕೊಬ್ಬು ತರಿಸುತ್ತಾರೆ. “ಸವರು ಕಲಿಚಾ. ನಮ್ಮಪ್ಪ ಗಾಡಿ ಅಚ್ಚಿಗೆ ಇದನ್ನೇ ಹಚ್ತಿದ್ದ. ರಬ್ಬರು ಬೆಣ್ಣೆ ಆಗುತ್ತೆ.” ನಿಜಕ್ಕೂ ಹೋಸು ಜಾರಿ ಕೂರುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಬಗ್ಗಿ ಮುಂದಿನ ಚಕ್ರದ ಬ್ರೇಕ್ ಹೋಸಿಗೂ ಪ್ರೀತಿಯಿಂದ ಕೊಬ್ಬು ಬಳಿಯುತ್ತಾರೆ.

ಅಂತೂ ಮುರಿದ ತುಂಡು ಹೊರಬಂತು, ಬಿಚ್ಚಿದ್ದೆಲ್ಲ ಜಾಗಕ್ಕೆ ಸೇರಿತು, ಬೆಲ್ಟು ಕೂತಿತು. ಇನ್ನು ಹೊರಡಬಹುದು. ಆದರೆ ಕೆಲಸಕ್ಕೆ ಬಂದವರು ರೊಟ್ಟಿ ಮುರಿಯದೆ ಹೋಗುವುದುಂಟೇ? ಹಾಗೇ ಕಳಿಸಿದರೆ ಮನೆಯ ಮರ್ಯಾದೆ ಏನಾಗಬೇಕು? ಕಲಿಚಾ ಹಲ್ಲು ಕಚ್ಚಿಕೊಂಡು ಬಟ್ಟೆ ಹಾಸಿ ರೊಟ್ಟಿ, ಕೆನೆ, ಹಾಲು ಹಾಕಿದ ಚಹಾ ಇಡುತ್ತಾರೆ. ನಾಸಿಪಾ ಪೆಟ್ಟಿಗೆಯ ಮೇಲೆ ಒದ್ದೆ ಟವೆಲು ಹೊದಿಸಿ ಬಿಸಿಲನ್ನೇ ದಿಟ್ಟಿಸುತ್ತಾಳೆ.

ಚಹಾ ಮುಗಿಸಿ ಎದ್ದು ನೋಡಿದರೆ ಅಕ್ತೋಷ್ ಎಂಬ ನಾಯಿ ವ್ಯಾನಿನ ಕೆಳಗಿಂದ ತುಟಿ ನೆಕ್ಕುತ್ತ ಹೊರಬರುತ್ತಿದೆ. ಬ್ರೇಕ್ ಹೋಸು ಎರಡು ತುಂಡು.

ಬ್ರೇಕಿಲ್ಲದೆ ಆ ಕಣಿವೆ ಇಳಿಯುವುದು ಸಾಧ್ಯವಿಲ್ಲ. ಯಾರೋ ಮೆಲ್ಲಗೆ, “ನಾಳೆ ಹೋದರಾಯ್ತು ಬಿಡಿ ಅಕ್ಕ” ಎನ್ನುತ್ತಾರೆ.

ಇಲ್ಲಿಯವರೆಗೆ ಕಲಿಚಾರ ಬೈಗುಳದಲ್ಲೂ ನಗು ಇತ್ತು. ಈಗ ಇಲ್ಲ. “ನಾಳೆ ಅಂತ ನನ್ನ ಮುಂದೆ ಅನ್ನಬೇಡಿ.” ಊರಿನ ಹಿರಿಯರಿಗೆಲ್ಲ ಕಾರಣ ಗೊತ್ತು. ಸೋವಿಯತ್ ಒಕ್ಕೂಟ ಒಡೆದ ಮರುವರ್ಷ ಬಿಡಿಭಾಗ ಸಿಗದೆ ಇದೇ ವ್ಯಾನು ಬೇಸಿಗೆ ಪೂರ್ತಿ ಇದೇ ಅಂಗಳದಲ್ಲಿ ನಿಂತಿತ್ತು, ಲಸಿಕೆ ಮೇಲೆ ತಲುಪಲಿಲ್ಲ. ಆಗ ಅದರ ಚಾಲಕ ಕಲಿಚಾರ ಗಂಡ ಓಮುರ್ಜಾಕ್. ಮೇಲಿನ ಗುಡಾರಗಳಲ್ಲಿ ದಡಾರ ಎದ್ದಿತು. ಅಜ್ಜಿಯ ಜೊತೆ ಅಲ್ಲಿದ್ದ ಇವರ ಕಿರಿಮಗಳು ತೀರಿಕೊಂಡಳು. ಗಂಡನೂ ತೀರಿಹೋದ ಮೇಲೆ, ವ್ಯಾನನ್ನು ಮಾರಿಬಿಡು ಎಂದವರ ಎದುರಿಗೇ ಕಲಿಚಾ ಪಾನಾ ಎತ್ತಿಕೊಂಡರು.

“ಈ ನಾಯಿ ಯಾರದು?” ಕಲಿಚಾ ಕೇಳುತ್ತಾರೆ. ಪ್ರಾಣಿ ಮಾಡಿದ ನಷ್ಟವನ್ನು ಯಜಮಾನ ತುಂಬಿಕೊಡಬೇಕು; ಇಲ್ಲಿ ಅದಕ್ಕೆ ಎರಡು ಮಾತಿಲ್ಲ.

ಶಾರ್ಶೆ ಗಡ್ಡ ನೀವಿಕೊಳ್ಳುತ್ತಾರೆ. “ಬೀದಿ ನಾಯಿ. ಎಲ್ಲರೂ ಮೂಳೆ ಹಾಕ್ತಾರೆ.”

“ಹೋದ ಚಳಿಗಾಲ ತೋಳ ಓಡಿಸಿದಾಗ ಯಾರದಾಗಿತ್ತು, ಶಾರ್ಶೆ ಅಣ್ಣ?”

“ಆಗ... ಆಗ ನನ್ನದು.”

ಅಕ್ತೋಷ್ ನೆಟ್ಟಗೆ ಹೋಗಿ ಶಾರ್ಶೆಯ ಬೂಟಿನ ಮೇಲೆ ಗದ್ದ ಇಟ್ಟು ಮಲಗುತ್ತದೆ. ನಗು ತಡೆಯಲಾಗದೆ ಒಬ್ಬ ಬೇಲಿಯ ಆಚೆಗೇ ಹೋಗುತ್ತಾನೆ. ಶಾರ್ಶೆ ನಾಯಿಯನ್ನು ನೋಡುತ್ತಾರೆ, ನರ್ಸಿನ ಪೆಟ್ಟಿಗೆಯಿಂದ ತೊಟ್ಟಿಕ್ಕುವ ನೀರನ್ನು ನೋಡುತ್ತಾರೆ. “ಹಾಳಾಗಿ ಹೋಗಲಿ, ಜಾಕಿ ತಗೊಂಡು ಬಾ” ಎಂದು ತಮ್ಮ ಮನೆಯತ್ತ ನಡೆಯುತ್ತಾರೆ. ತಾಡಪಾಲು ಎತ್ತಿ, ಮದುವೆ ವ್ಯಾನಿನ ಚಕ್ರ ಕಳಚಿ, ಹೋಸನ್ನು ಸ್ವತಃ ಬಿಚ್ಚಿ ಕೊಡುತ್ತಾರೆ. “ಜೋಪಾನ. ಕೊಬ್ಬು ಹಚ್ಚಬೇಡ.”

“ನಾನು ಹಚ್ಚಿದ್ದಾ? ಅಯ್ಯೋ ನನ್ನ ಕರ್ಮವೇ!”

ಉಳಿದ ಗಂಡಸರನ್ನು ಕಲಿಚಾ ಮರ್ಯಾದೆಯಿಂದಲೇ ಗೇಟಿನ ಹೊರಗೆ ಕಳಿಸಿ ಅಗುಳಿ ಹಾಕುತ್ತಾರೆ. ಹೋಸು ಹಾಕಿ, ಬ್ರೇಕ್ ಆಯಿಲ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯಲು ನಾಸಿಪಾಳನ್ನು ಬ್ರೇಕ್ ಪೆಡಲಿನ ಮುಂದೆ ಕೂರಿಸುತ್ತಾರೆ. “ಒತ್ತು. ಹಿಡ್ಕೋ. ಬಿಡು ಅಂದಾಗ ಬಿಡಬೇಕು, ಸೂಜಿ ಚುಚ್ಚಿದ ಹಾಗೆ ಅವಸರ ಮಾಡಬೇಡ.” ಪೆಡಲು ಗಟ್ಟಿಯಾದಾಗ ಇಬ್ಬರೂ ಹೊರಡುತ್ತಾರೆ. ಏರಿನಲ್ಲಿ ಎಂಜಿನ್ನು ಬಿಸಿಯಾಗುತ್ತದೆ, ಒಂದು ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಕಲಿಚಾ ಅದನ್ನು ಕೈಯಲ್ಲಿ ಎಳೆದು ಹಿಡಿದುಕೊಂಡೇ ಓಡಿಸುತ್ತಾರೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತದೆ.

ಗುಡಾರಗಳ ಹತ್ತಿರ ಪೆಟ್ಟಿಗೆ ತೆರೆದಾಗ ಐಸು ಬೆರಳುಗಾತ್ರ ಉಳಿದಿದೆ. ಒಳಗಿನ ಥರ್ಮಾಮೀಟರು ನೋಡಿ ನಾಸಿಪಾ ಉಸಿರು ಬಿಡುತ್ತಾಳೆ, ಲಸಿಕೆ ಕೆಟ್ಟಿಲ್ಲ. ಅವಳ ಕೈಗೆ ಕುದುರೆ ಹಾಲಿನ ಹುಳಿ ಕುಮಿಸ್ ಬಟ್ಟಲು ಬರುತ್ತದೆ. ಕಲಿಚಾ ಪಾಲಿಗೆ ಬರುವುದು ಬೈಗುಳ.

“ಎಷ್ಟೊತ್ತಿಂದ ಕಾಯೋದು? ಕತ್ತೆ ಮೇಲೆ ಬಂದಿದ್ರೂ ಇಷ್ಟೊತ್ತಿಗೆ ಬರ್ತಿದ್ರಿ!” ಕೂಸನ್ನು ಸೊಂಟದಲ್ಲಿ ಕೂರಿಸಿಕೊಂಡ ಹುಡುಗಿ ಜೋರು ಮಾಡುತ್ತಾಳೆ. ನಾಸಿಪಾ ಆಗಿದ್ದನ್ನು ಹೇಳಲು ಬಾಯಿ ತೆರೆಯುತ್ತಾಳೆ. ಕಲಿಚಾ ಕಣ್ಣಲ್ಲೇ ತಡೆಯುತ್ತಾರೆ.

ಸೂಜಿ ಚುಚ್ಚಿಸಿಕೊಂಡ ಕೂಸು ಊರೆಲ್ಲ ಕೇಳುವಂತೆ ಅಳುತ್ತದೆ. ಕಲಿಚಾ ವ್ಯಾನಿನ ಮೆಟ್ಟಿಲ ಮೇಲೆ ಕೂತು ಕೈಯ ಎಣ್ಣೆಯನ್ನು ಹುಲ್ಲಿಗೆ ಒರೆಸಿಕೊಳ್ಳುತ್ತ ಆ ಅಳು ಕೇಳುತ್ತಾರೆ.

“ಬೈಯಲಿ ಬಿಡು” ಎಂದು ನಾಸಿಪಾಗೆ ಹೇಳುತ್ತಾರೆ. “ಗಾಡಿ ಬರುತ್ತೆ ಅಂತ ಕಾದರಲ್ಲ, ಅದಕ್ಕೆ ಬೈತಾರೆ. ಆ ವರ್ಷ ನನ್ನ ಗಂಡನನ್ನ ಒಬ್ಬರೂ ಬೈಯಲಿಲ್ಲ ಕಣೇ. ಯಾರೂ ಕಾದಿರಲೇ ಇಲ್ಲ.”