ಲೇಸರ್ ಲ್ಯಾಬಿನ ಒಂದು ಸೀಟು

ಪಿಎಚ್‌ಡಿಯ ಮೊದಲ ವರ್ಷದ ಪರೀಕ್ಷೆಗಳು ಮುಗಿದ ಮೇಲೆ ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಯಾರು ಯಾವ ಕ್ಷೇತ್ರದಲ್ಲಿ ಸಂಶೋಧನೆ ಮಾಡಬೇಕೆಂಬುದು ತೀರ್ಮಾನವಾಗುತ್ತಿತ್ತು. ಕಣಭೌತಶಾಸ್ತ್ರ, ಖಭೌತಶಾಸ್ತ್ರ, ಘನವಸ್ತು, ಲೇಸರ್ ಎಂದು ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಅಂಟಿಸಿದ್ದರು. ಲೇಸರ್ ಲ್ಯಾಬಿನಲ್ಲಿ ಇದ್ದದ್ದು ಒಂದೇ ಸೀಟು. ಕೇಳಿದವರು ಇಬ್ಬರು, ನಾನು ಮತ್ತು ನನ್ನ ಗೆಳತಿ.

ಅವಳು ದಿನವೂ ದೂರದ ಫರೀದಾಬಾದಿನಿಂದ ಬಂದು ಹೋಗುವವಳು, ಓದಿನಲ್ಲಿ ನನಗಿಂತ ಒಂದು ಕೈ ಮೇಲು. ಸಂಜೆ ಏಳರೊಳಗೆ ಮನೆ ಸೇರದಿದ್ದರೆ ಓದೇ ಬಿಡಿಸುತ್ತೇನೆಂದು ಅವಳ ತಂದೆ ಹೇಳಿದ್ದರು. ಒಮ್ಮೆ ಮೆಟ್ರೋದಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಯಾರಿಗೂ ಹೇಳಬೇಡ ಎಂದು ಅದನ್ನು ನನ್ನೊಬ್ಬಳಿಗೇ ಹೇಳಿದ್ದಳು.

ಸಂದರ್ಶನದ ದಿನ ಬೆಳಿಗ್ಗೆ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸ್‌ನಿಂದ ಹೊರಡುವಾಗ ಅಮ್ಮ, "ಸಿಗದಿದ್ರೆ ಬೇರೆ ಏನಾದ್ರೂ ತಗೊಳೇ. ಎಲ್ಲಾ ಫಿಸಿಕ್ಸೇ ಅಲ್ವಾ?" ಎಂದರು.

"ಎಲ್ಲಾ ಒಂದೇ ಅಲ್ಲಮ್ಮಾ!" ರೇಗಿಬಿಟ್ಟೆ.

ಆಯ್ಕೆ ಸಮಿತಿಯವರು ನಮ್ಮಿಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಕೊಟ್ಟ ಲೆಕ್ಕವನ್ನು ಅವಳು ಬೋರ್ಡಿನ ಮೇಲೆ ಸಲೀಸಾಗಿ ಬಿಡಿಸಿದಳು. ನಾನು ನಡುವೆ ತೊಡರಿ ನಿಂತೆ.

ಲ್ಯಾಬಿನ ಪ್ರೊಫೆಸರ್ ಅವಳತ್ತ ತಿರುಗಿದರು. "ಪ್ರಯೋಗ ಅರ್ಧಕ್ಕೆ ಬಿಟ್ಟು ಹೋಗೋ ಹಾಗಿಲ್ಲ. ಎಷ್ಟು ಹೊತ್ತಾದರೂ ಇರ್ತೀರಾ?"

"ಇರ್ತೀನಿ ಸರ್."

"ಅವಳು ಏಳಕ್ಕೆ ಮನೇಲಿರಬೇಕು ಸರ್," ಎಂದೆ ನಾನು. "ಇಲ್ಲದಿದ್ರೆ ಅವಳ ತಂದೆ ಓದು ಬಿಡಿಸ್ತಾರೆ."

ಯಾರೂ ನನ್ನನ್ನು ಕೇಳಿರಲಿಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ. "ನಿಜವೇನಮ್ಮಾ?" ಎಂದು ಪ್ರೊಫೆಸರ್ ಕೇಳಿದರು. ಅವಳು ಸುಳ್ಳು ಹೇಳುವವಳಲ್ಲ, ಹೌದೆಂದು ತಲೆಯಾಡಿಸಿದಳು.

ಸೀಟು ನನಗೆ ಬಂತು. ಅವಳಿಗೆ ಸಿಕ್ಕಿದ್ದು ಕಣಭೌತಶಾಸ್ತ್ರದ ಸಿದ್ಧಾಂತ, ಅಂದರೆ ಕಾಗದ ಮತ್ತು ಕಂಪ್ಯೂಟರಿನ ಕೆಲಸ. ಹೊರಗೆ ಬಂದಾಗ ನಾನು ಏನೋ ಹೇಳಹೊರಟೆ. "ಅಚ್ಛಾ," ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು.

ಕ್ಷಮೆ ಕೇಳಲು ನನಗೆ ಆರು ತಿಂಗಳು ಬೇಕಾಯಿತು. ಲೈಬ್ರರಿಯಲ್ಲಿ ಅವಳೆದುರು ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಅಪ್ಪನ್ನ ನಾನು ಒಪ್ಪಿಸ್ತಿದ್ದೆ," ಎಂದಳು. "ಆದರೆ ಅದಕ್ಕೆ ಮೊದಲು ಸೀಟು ನನ್ನ ಕೈಲಿರಬೇಕಿತ್ತು."

ನನಗಿಂತ ಒಂದು ವರ್ಷ ಮೊದಲೇ ಅವಳ ಪಿಎಚ್‌ಡಿ ಮುಗಿಯಿತು. ಈಗ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಸೆಮಿನಾರುಗಳಲ್ಲಿ ಎದುರಾದರೆ ನಗುತ್ತಾಳೆ. ಚಹಾಕ್ಕೆ ಕರೆದರೆ ಮಾತ್ರ, ಕೆಲಸವಿದೆ ಎನ್ನುತ್ತಾಳೆ.